ತೋಳಿನ ಕಡ್ಡಿಯೋ, ಮೂರು ತಿಂಗಳ ಇಂಜೆಕ್ಷನ್ನೋ?

ಸದ್ಯಕ್ಕೆ ಮಗು ಬೇಡ, ಆದರೆ ದಿನಾ ಮಾತ್ರೆ ನುಂಗುವುದೂ ಕಷ್ಟ ಎನ್ನುವ ಹೆಂಗಸರಿಗೆ ಗರ್ಭ ತಡೆಯುವ ಈ ಎರಡೂ ಆಗುತ್ತವೆ: ತೋಳಿನಲ್ಲಿಡುವ ಕಡ್ಡಿ (ಇಂಪ್ಲಾಂಟ್), ಮೂರು ತಿಂಗಳ ಇಂಜೆಕ್ಷನ್ (ಅಂತರಾ).

ಅಂತರಾ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೂರು ತಿಂಗಳಿಗೊಮ್ಮೆ ಹೋಗಬೇಕು. ಕೊಡಗಿನಲ್ಲಿ ಕಷ್ಟ ಇರುವುದು ಇಲ್ಲೇ. ಜುಲೈ ಮಳೆಗೆ ಮರ ಬಿದ್ದು ರಸ್ತೆ ಬಂದ್ ಆಗುತ್ತದೆ. ಕಾಫಿ ಕೊಯ್ಲಿನಲ್ಲಿ ಲೈನ್ ಮನೆಯಲ್ಲಿರುವ ತೋಟದ ಕೂಲಿಯವರಿಗೆ ಒಂದು ದಿನದ ಕೂಲಿ ಬಿಡುವುದೂ ಸುಲಭವಲ್ಲ. ನಾಲ್ಕು ವಾರ ತಡವಾದರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಆದರೆ ರಕ್ಷಣೆ ಖಾತ್ರಿಯಿಲ್ಲ.

ಇಂಪ್ಲಾಂಟ್ ಎಂದರೆ ಬೆಂಕಿಕಡ್ಡಿಯಷ್ಟು ಸಣ್ಣ ಮೆತ್ತನೆಯ ಕಡ್ಡಿ. 4 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಮೇಲ್ತೋಳಿನ ಒಳಭಾಗದಲ್ಲಿ, ಮರಗಟ್ಟಿಸಿ, ಚರ್ಮದ ಕೆಳಗೆ ಇಡುತ್ತಾರೆ. ಒಳಗೆ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಹಾರ್ಮೋನ್ ಇರುತ್ತದೆ. ಅದು ದಿನವೂ ಚೂರುಚೂರೇ ಹೊರಬಂದು ಅಂಡ ಬಿಡುಗಡೆಯನ್ನು ತಡೆಯುತ್ತದೆ. ಮೂರು ವರ್ಷ ಚಿಂತೆಯಿಲ್ಲ. ಬಳಸುವ ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಒಬ್ಬರೂ ಗರ್ಭಿಣಿಯಾಗುವುದು ಅಪರೂಪ. ಇಂಜೆಕ್ಷನ್‌ನಲ್ಲಿ, ದಿನ ತಪ್ಪುವವರನ್ನೂ ಸೇರಿಸಿದರೆ, ನೂರಕ್ಕೆ ಸುಮಾರು ನಾಲ್ಕು.

ಬೇಗ ಮಗು ಬೇಕು ಅನ್ನಿಸಬಹುದು, ಅಲ್ವಾ? ಕಡ್ಡಿ ತೆಗೆಸಿದರೆ ಗರ್ಭ ನಿಲ್ಲುವ ಶಕ್ತಿ ಬೇಗ ಮರಳುತ್ತದೆ. ಇಂಜೆಕ್ಷನ್ ಬಿಟ್ಟ ಮೇಲೆ ಹಲವು ತಿಂಗಳು ಕಾಯಬೇಕಾಗಬಹುದು.

ಮುಟ್ಟಿನ ಏರುಪೇರು ಎರಡರಲ್ಲೂ ಇದೆ. ಎಚ್‌ಐವಿಯಿಂದ ಎರಡೂ ಕಾಪಾಡುವುದಿಲ್ಲ.

ನನ್ನನ್ನು ಕೇಳಿದರೆ, ಆಸ್ಪತ್ರೆ ದೂರವಿದ್ದವರಿಗೆ ಕಡ್ಡಿಯೇ ಸರಿ. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಕೆಲವು ಮೂರ್ಛೆರೋಗದ ಮಾತ್ರೆ ತಗೊಳ್ಳುವವರು ಮಾತ್ರ ಇಂಜೆಕ್ಷನ್ ಕಡೆ ನೋಡಿ. ಆ ಔಷಧಿಗಳು ಕಡ್ಡಿಯ ಬಲವನ್ನು ತಗ್ಗಿಸುತ್ತವೆ. ಹತ್ತಿರದಲ್ಲಿ ಕಡ್ಡಿ ಎಲ್ಲಿ ಹಾಕುತ್ತಾರೆ, ತೆಗೆಯುವವರೂ ಅಲ್ಲೇ ಇದ್ದಾರಾ ಎಂದು ಆಶಾ ಅಕ್ಕನನ್ನು ಮೊದಲೇ ಕೇಳಿ.