ಎಸ್‌ಎಂಪಿಎಸ್ ಕೆಟ್ಟರೆ: ರಿಪೇರಿಯೋ, ಹೊಸದೋ?

ವಿಜಯಪುರದ ಬೇಸಿಗೆಯಲ್ಲಿ ಡೆಸ್ಕ್‌ಟಾಪ್ ಬಟನ್ ಒತ್ತಿದರೂ ಮಿಸುಕದಿದ್ದರೆ ಮೊದಲು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಹಂಚುವ ಪವರ್ ಸಪ್ಲೈ ಡಬ್ಬಿಯನ್ನು ಪರೀಕ್ಷಿಸಿ. ಪ್ಲಗ್ ತೆಗೆದು, 24 ಪಿನ್ ಕನೆಕ್ಟರನ್ನು ಮದರ್‌ಬೋರ್ಡಿನಿಂದ ಬಿಡಿಸಿ, ಹಸಿರು ತಂತಿಯ ಪಿನ್ನನ್ನು ಪಕ್ಕದ ಕಪ್ಪಿಗೆ ಸಣ್ಣ ತಂತಿಯಿಂದ ಜೋಡಿಸಿ. ಆಮೇಲೆ ಕರೆಂಟ್ ಕೊಡಿ. ಎಲ್ಲ ತಂತಿಯೂ ಕಪ್ಪಗಿದ್ದರೆ 16 ಮತ್ತು 17ನೇ ಪಿನ್. ಫ್ಯಾನ್ ತಿರುಗಿತೆಂದು ನಂಬಿಬಿಡಬೇಡಿ. ಮಲ್ಟಿಮೀಟರಿನಲ್ಲಿ ಕಪ್ಪು ತಂತಿಗೆ ಹೋಲಿಸಿ ಹಳದಿ ತಂತಿ 11.4ರಿಂದ 12.6, ಕೆಂಪು ತಂತಿ 4.75ರಿಂದ 5.25 ವೋಲ್ಟ್ ತೋರಿಸಬೇಕು. ಇಲ್ಲಿ ಸರಿಯಿದ್ದೂ ಲೋಡ್ ಬಿದ್ದಾಗ ಕುಸಿಯುವುದುಂಟು.

ಧೂಳು ತುಂಬಿ ಫ್ಯಾನ್ ನಿಂತಿದ್ದರೆ, ಒಂದೆರಡು ಕೆಪಾಸಿಟರ್ ಉಬ್ಬಿದ್ದರೆ ರಿಪೇರಿ ಅಗ್ಗ. ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ (ಒಳಗಿನ ಪ್ರತಿರೋಧ ಕಡಿಮೆಯಿರುವ) ಕೆಪಾಸಿಟರನ್ನೇ ಕೇಳಿ ಹಾಕಿಸಿ. 85 ಡಿಗ್ರಿಯದು ಬಿಸಿಗೆ ಬೇಗ ಒಣಗುತ್ತದೆ. ಡಬ್ಬಿಯನ್ನು ಮನೆಯಲ್ಲಿ ಮಾತ್ರ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು, ಜೀವಕ್ಕೇ ಅಪಾಯ.

ಸುಟ್ಟ ವಾಸನೆ ಬಂದಿದ್ದರೆ, ಸ್ವಿಚ್ ಹಾಕಿದೊಡನೆ ಎಂಸಿಬಿ ಬೀಳುತ್ತಿದ್ದರೆ ಹೊಸದೇ ತಗೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ 80 ಪ್ಲಸ್ ಗುರುತಿನ (ವಿದ್ಯುತ್ ಕಡಿಮೆ ಪೋಲು ಮಾಡುವ) 450 ವ್ಯಾಟ್ ಸಾಕು. ಕಾರ್ಡ್ ಇದ್ದರಂತೂ ರಿಪೇರಿಯಾದ ಹಳೆಯದಕ್ಕೆ ಅದನ್ನು ಒಪ್ಪಿಸಬೇಡಿ. ಹಳೆಯದರ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಬೇಡಿ; ಪಿನ್ ಜೋಡಣೆ ಬೇರೆಯಿದ್ದರೆ ಹಾರ್ಡ್‌ಡಿಸ್ಕ್ ಸುಡುತ್ತದೆ.