ಬಾಟಲಿಯ ಸುಣ್ಣದ ಕರೆಗೆ ವಿನೆಗರ್, ಮುರುಗಲು, ಸೋಡಾ, ಸಿಟ್ರಿಕ್ ಆಸಿಡ್: ಯಾವುದು ಸರಿ?

ಮೊದಲು ಕರೆಯ ಬಣ್ಣ ನೋಡಿ. ಬೋರ್‌ವೆಲ್‌ನ ಗಡಸು ನೀರಿಗೆ ಕೂರುವ ಬಿಳಿ ಪೊರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕುಮಟಾ, ಅಂಕೋಲಾ ಕಡೆಯ ಚಿರೇಕಲ್ಲಿನ ನೆಲದ ನೀರು ಕಂದುಗೆಂಪು ಕರೆ ಬಿಟ್ಟರೆ ಅದು ಕಬ್ಬಿಣ. ಮಸುಕಾದ ಜಾಗಕ್ಕೆ ಎರಡು ಹನಿ ವಿನೆಗರ್ ಬಿಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣ. ಗುಳ್ಳೆಯೂ ಏಳದೆ, ನೆನೆಸಿದರೂ ಹೋಗದಿದ್ದರೆ ಬ್ರಶ್ಶಿನ ಗೀರು ಇರಬಹುದು. ಅದನ್ನು ಯಾವ ಹುಳಿಯೂ ತೆಗೆಯದು.

ಅಡುಗೆ ಸೋಡಾವನ್ನು ಈ ಕೆಲಸಕ್ಕೆ ಬಿಟ್ಟುಬಿಡಿ. ಅದು ಕ್ಷಾರ, ಸುಣ್ಣವನ್ನು ಕರಗಿಸುವುದಿಲ್ಲ. ವಾಸನೆ ತೆಗೆಯಲಷ್ಟೇ ಸಾಕು. ವಿನೆಗರ್ ಜೊತೆ ಬೆರೆಸಿದರೆ ನೊರೆ ಜೋರಾಗಿ ಬರುತ್ತದೆ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆದುಬಿಡುತ್ತದೆ.

ಬಿಳಿ ವಿನೆಗರ್ ಬಿಳಿ ಪೊರೆಗೆ ಒಳ್ಳೆಯದು. ಅರ್ಧ ವಿನೆಗರ್, ಅರ್ಧ ನೀರು ತುಂಬಿಸಿ ರಾತ್ರಿಯಿಡೀ ಇಡಬೇಕು. ಕಬ್ಬಿಣದ ಕರೆಗೆ ಅಷ್ಟು ಸಾಲದು, ಘಾಟೂ ಮುಚ್ಚಳದಲ್ಲಿ ಉಳಿಯುತ್ತದೆ.

ನಮ್ಮ ಕಡೆ ಮನೆಯಲ್ಲೇ ಇರುವ ಮುರುಗಲು (ಪುನರ್ಪುಳಿ, ಕೋಕಂ) ಸಿಪ್ಪೆಯ ನೀರಿನ ಹುಳಿಯೂ ಸುಣ್ಣವನ್ನು ಬಿಡಿಸುತ್ತದೆ. ಆದರೆ ಅದರ ಕೆಂಪು ಬಣ್ಣ ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಸಾರಿಗೇ ಇಟ್ಟುಕೊಳ್ಳುವುದು ಮೇಲು.

ನಮ್ಮ ಆಯ್ಕೆ ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ಹರಳು. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ (ಸುಮಾರು 5 ಗ್ರಾಂ) ಕರಗಿಸಿ, ಬಾಟಲಿಯ ಕುತ್ತಿಗೆಯವರೆಗೂ ತುಂಬಿಸಿ ಒಂದು ಗಂಟೆ ಬಿಡಿ. ದಪ್ಪ ಪೊರೆಗೆ ನೀರು ಬದಲಿಸಿ ಇನ್ನೊಮ್ಮೆ. ಕಬ್ಬಿಣವನ್ನೂ ಇದು ಹಿಡಿದುಕೊಂಡು ಕರಗಿಸುವುದರಿಂದ ಕಂದು ಕರೆಗೂ ಇದೇ ಆಗುತ್ತದೆ. ಘಾಟಿಲ್ಲ.

ತಪ್ಪುವುದು ಹೆಚ್ಚಾಗಿ ಕುದಿನೀರಿನಲ್ಲಿ. ಬಿಸಿ ಜಾಸ್ತಿಯಾದರೆ, ಸುಣ್ಣಕ್ಕೆ ಸಿಟ್ರಿಕ್ ಆಸಿಡ್ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಕರಗದೆ ಹೊಸ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ತಳದಲ್ಲಿ 1 ಎಂದಿರುವ ಪೆಟ್ (PET) ಪ್ಲಾಸ್ಟಿಕ್ಕಿನ ಬಾಟಲಿಯಂತೂ ಸೊಟ್ಟಗಾಗುತ್ತದೆ. ನೆನೆಯುವಾಗ ಮುಚ್ಚಳ ಬಿಗಿಯಬೇಡಿ, ಕಾರ್ಬನ್ ಡೈಆಕ್ಸೈಡ್ ಹೊರಹೋಗಬೇಕು. ಹುಳಿಯ ಜೊತೆ ಬ್ಲೀಚಿಂಗ್ ಪುಡಿ ಎಂದಿಗೂ ಸೇರಿಸಬೇಡಿ: ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಉಳಿದ ಪೊರೆಗೆ ಉಕ್ಕಿನ ನಾರು ಬೇಡ. ಒಂದು ಚಮಚ ಅಕ್ಕಿ, ಸ್ವಲ್ಪ ನೀರು ಹಾಕಿ ಕುಲುಕಿ. ಮುಚ್ಚಳದ ರಬ್ಬರ್ ರಿಂಗನ್ನು ಬಿಡಿಸಿ ಅದೇ ಸಿಟ್ರಿಕ್ ನೀರಿನಲ್ಲಿ ನೆನೆಸಿ; ಕರೆ ಅದರಡಿಯಲ್ಲೂ ಕಟ್ಟಿರುತ್ತದೆ. ಮೂರು ಸಲ ತೊಳೆದು ಬೋರಲು ಹಾಕಿ. ಹನಿ ಒಣಗಿದ ಜಾಗದಲ್ಲೇ ಮುಂದಿನ ಸುಣ್ಣ ಕೂರುವುದು.