ಟುಸ್ಟ್ರಿಂಗ್, ಸ್ಟ್ರಿಂಗ್, ಬ್ಯಾಕ್‌ಟಿಕ್: ಬಿಲ್ ಪೇಜಿನಲ್ಲಿ ಎಲ್ಲವನ್ನೂ ಹಾಕಿ ನೋಡಿದೆ

ಭಾವನ ಸ್ಟೇಷನರಿ ಅಂಗಡಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಚಿಕ್ಕ ಬಿಲ್ ಪೇಜ್ ಬರೆದುಕೊಟ್ಟಿದ್ದೆ. ಬೆಲೆ, ಫೋನ್ ನಂಬರ್ ಇಂಥವನ್ನು ಸ್ಟ್ರಿಂಗ್ ಮಾಡಲು, ಅಂದರೆ ಅಚ್ಚಾಗುವ ಪಠ್ಯವಾಗಿ ಬದಲಾಯಿಸಲು, ಎಲ್ಲ ಕಡೆ ಡಾಟ್ ಟುಸ್ಟ್ರಿಂಗ್ ಬಳಸಿದ್ದೆ. ಒಬ್ಬ ಗಿರಾಕಿ ಫೋನ್ ನಂಬರ್ ಕೊಡಲಿಲ್ಲ. ಪೇಜ್ ಅಲ್ಲೇ ನಿಂತುಬಿಟ್ಟಿತು. ನಲ್ ಅಥವಾ ಅನ್‌ಡಿಫೈನ್ಡ್ (ಎರಡೂ 'ಇಲ್ಲಿ ಏನೂ ಇಲ್ಲ' ಅನ್ನುವ ಗುರುತು) ಮೇಲೆ ಟುಸ್ಟ್ರಿಂಗ್ ಕರೆದರೆ ಟೈಪ್ ಎರರ್ ಗ್ಯಾರಂಟಿ.

ಅವತ್ತೇ ಎಲ್ಲವನ್ನೂ ಅದೇ ಕೆಲಸ ಮಾಡುವ ಸ್ಟ್ರಿಂಗ್ ಫಂಕ್ಷನ್‌ಗೆ ಬದಲಾಯಿಸಿದೆ. ಎರರ್ ಹೋಯಿತು. ಮರುದಿನ ಭಾವ ಬಿಲ್ ಹಿಡಿದುಕೊಂಡು ಬಂದರು. "ಏನಪ್ಪಾ, ಈ 'ನಲ್' ಅಂದ್ರೆ ಯಾರು?" ಫೋನ್ ನಂಬರಿನ ಜಾಗದಲ್ಲಿ ಅದೇ ಅಚ್ಚಾಗಿತ್ತು! ಟುಸ್ಟ್ರಿಂಗ್ ಕೂಗಾಡಿ ಕೆಲಸ ನಿಲ್ಲಿಸುತ್ತದೆ. ಸ್ಟ್ರಿಂಗ್ ಏನೂ ಆಗದ ಹಾಗೆ ಬರೆದು ಮುಂದೆ ಹೋಗುತ್ತದೆ. ಕನ್ಸೋಲ್‌ನಲ್ಲಿ ನಾನೊಬ್ಬನೇ ನೋಡುವ ಲಾಗ್‌ಗೆ ಎರಡನೆಯದು ಸಾಕು. ಗಿರಾಕಿ ಕೈಗೆ ಹೋಗುವ ಕಾಗದಕ್ಕೆ ಕೂಗಾಡುವುದೇ ವಾಸಿ ಅನ್ನಿಸಿತು.

ಪ್ಲಸ್ ಚಿಹ್ನೆ ಹಾಕಿ ಖಾಲಿ ಸ್ಟ್ರಿಂಗ್ ಕೂಡಿಸುವ ಹಳೇ ಉಪಾಯವೂ ಇದೆ. ಟೈಪ್ ಮಾಡುವುದು ಕಡಿಮೆ, ಅದಕ್ಕೇ ತುಂಬಾ ಜನ ಬಿಡುವುದಿಲ್ಲ. ನನಗೆ ಇದು ಕೈಕೊಟ್ಟಿದ್ದು ಹಣದ ವಿಷಯದಲ್ಲಿ. ಬೆಲೆಗೆ ಅಂತ ಒಂದು ಆಬ್ಜೆಕ್ಟ್ (ವಿವರಗಳ ಒಂದು ಕಟ್ಟು) ಮಾಡಿದ್ದೆ: ಅದರ ವ್ಯಾಲ್ಯೂಆಫ್, ಅಂದರೆ ಲೆಕ್ಕಕ್ಕೆ ಸಂಖ್ಯೆ ಕೊಡುವ ಫಂಕ್ಷನ್, ಪೈಸೆ ಲೆಕ್ಕದಲ್ಲಿ 4500 ಕೊಡುತ್ತದೆ, ಟುಸ್ಟ್ರಿಂಗ್ '₹45' ಕೊಡುತ್ತದೆ. ಖಾಲಿ ಸ್ಟ್ರಿಂಗ್ ಕೂಡಿಸಿದರೆ 4500 ಬಂತು! ಅದನ್ನೇ ಬ್ಯಾಕ್‌ಟಿಕ್ (` ಚಿಹ್ನೆ) ಒಳಗೆ ಹಾಕಿದರೆ ₹45. ಪ್ಲಸ್ ಚಿಹ್ನೆ ಮೊದಲು ವ್ಯಾಲ್ಯೂಆಫ್ ಕೇಳುತ್ತದೆ, 2015ರಲ್ಲಿ ಭಾಷೆಗೆ ಬಂದ ಬ್ಯಾಕ್‌ಟಿಕ್ ಟೆಂಪ್ಲೇಟ್ ಮೊದಲು ಟುಸ್ಟ್ರಿಂಗ್ ಕೇಳುತ್ತದೆ. ಸಿಂಬಲ್ (ಬೇರೆ ಯಾವುದಕ್ಕೂ ಸಮವಾಗದ ವಿಶೇಷ ಗುರುತು) ಕೊಟ್ಟರೆ ಮಾತ್ರ ಎರಡೂ ಎರರ್ ಕೊಡುತ್ತವೆ, ಸ್ಟ್ರಿಂಗ್ ಫಂಕ್ಷನ್ ಮತ್ತು ಟುಸ್ಟ್ರಿಂಗ್ ಪಾಸ್. ಬಿಲ್ಲಿಗೆ ಸಿಂಬಲ್ ಯಾಕೆ ಬೇಕು ಅಲ್ವಾ?

ಇಡೀ ಆಬ್ಜೆಕ್ಟ್ ನೋಡಬೇಕಾದರೆ ಜೇಸನ್ ಸ್ಟ್ರಿಂಗಿಫೈ. ಬೇರೆಯವು ಸಾಮಾನ್ಯ ಆಬ್ಜೆಕ್ಟಿಗೆ 'ಆಬ್ಜೆಕ್ಟ್ ಆಬ್ಜೆಕ್ಟ್' ಅಂದು ಕೈತೊಳೆದುಕೊಳ್ಳುತ್ತವೆ. ಆದರೆ ಇದು ಬರೀ ಹೆಸರು ಕೊಟ್ಟರೂ ಸುತ್ತ ಕೋಟ್ ಹಾಕುತ್ತದೆ, ಅನ್‌ಡಿಫೈನ್ಡ್ ಇರುವ ಫೀಲ್ಡನ್ನು ಹೇಳದೆ ಕೇಳದೆ ಬಿಟ್ಟುಬಿಡುತ್ತದೆ.

ಈಗ ಬಿಲ್ಲಿನಲ್ಲಿರುವುದು ಬ್ಯಾಕ್‌ಟಿಕ್. ಒಳಗೆ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಫೋನ್ ನಂಬರ್ ಇಲ್ಲದಿದ್ದರೆ ಒಂದು ಗೀಟು ಬರುವ ಹಾಗೆ ಮಾಡಿದ್ದೇನೆ. ಟುಸ್ಟ್ರಿಂಗ್ ಉಳಿದಿರುವುದು ಬಣ್ಣದ ಕೋಡ್‌ಗೆ ಮಾತ್ರ. 255ಕ್ಕೆ 16 ಅಂತ ಬೇಸ್ ಕೊಟ್ಟರೆ 'ಎಫ್‌ಎಫ್' ಬರುತ್ತದಲ್ಲ, ಆ ಅನುಕೂಲ ಬೇರೆಯದರಲ್ಲಿ ಇಲ್ಲ.

ಮೊತ್ತಕ್ಕೆ ಟುಲೊಕೇಲ್‌ಸ್ಟ್ರಿಂಗ್. ಭಾರತದ ಇಂಗ್ಲಿಷ್ ಲೊಕೇಲ್ (ಆ ಪ್ರದೇಶದ ಬರೆಯುವ ರೂಢಿ) ಕೊಟ್ಟರೆ 1234567 ಅನ್ನುವುದು 12,34,567 ಆಗುತ್ತದೆ. ನಂಬರಿಂಗ್ ಸಿಸ್ಟಮ್ ಕನ್ನಡ ಅಂದರೆ 450 ಹೋಗಿ ೪೫೦. ಇದನ್ನು ತೋರಿಸಿದ ಮೇಲೆ ಭಾವ 'ನಲ್' ಸುದ್ದಿ ಎತ್ತಿಲ್ಲ.